ಮೆಡಿಕಲ್ ಪಾಸಾಗಿದೆ, ಚೆಕಪ್ ಮಾತ್ರ ಆಗಿಲ್ಲ!

ಹಜ್ಜಿಗೆ ಹೆಸರು ಬಂದ ಖುಷಿಯಲ್ಲಿ ವೈದ್ಯಕೀಯ ಪ್ರಮಾಣಪತ್ರಕ್ಕೆಂದು ಹೋದ ಹಿರಿಯರಿಗೆ ಅಲ್ಲಿ ಮೊದಲ ಬಾರಿ ಗೊತ್ತಾಗುತ್ತದೆ: ಬಿಪಿ ಉಂಟು, ಶುಗರ್ ಉಂಟು. "ನನಗೆ ಇಷ್ಟರವರೆಗೆ ಎಂತದೂ ಇರಲಿಲ್ಲ ಡಾಕ್ಟ್ರೇ" ಎಂದು ಅವರು ಹೇಳುವುದು ಸುಳ್ಳಲ್ಲ. ನೋವಿರಲಿಲ್ಲ, ಜ್ವರವಿರಲಿಲ್ಲ. ಆದರೆ ರೋಗ ಇರಲಿಲ್ಲ ಎಂದಲ್ಲ, ಯಾರೂ ನೋಡಿರಲಿಲ್ಲ ಅಷ್ಟೆ. ನಮ್ಮ ಮೊಹಲ್ಲಾಗಳಲ್ಲಿ ಇಂತಹ ಮಾತು ಹೊಸತಲ್ಲ.

ನಾವು ಬ್ಯಾರಿಗಳು ಪರೀಕ್ಷೆಗೆ ಹೋಗುವುದು ಹೆಚ್ಚಾಗಿ ಬೇರೆ ಯಾರಿಗೋ ಕಾಗದ ಬೇಕಾದಾಗ. ಗಲ್ಫ್ ವೀಸಾಕ್ಕೆ, ಹಜ್ಜಿಗೆ, ಇಲ್ಲವೇ ಆಪರೇಷನ್‌ಗೆ ಮೊದಲು. 'ಮೆಡಿಕಲ್ ಪಾಸ್' ಆಯಿತೆಂದರೆ ಆರೋಗ್ಯ ಸರಿ ಉಂಟು ಎಂದೇ ನಮ್ಮ ಲೆಕ್ಕ. ಆದರೆ ವೀಸಾ ಮೆಡಿಕಲ್‌ನಲ್ಲಿ ಮುಖ್ಯವಾಗಿ ಹುಡುಕುವುದು ಕ್ಷಯ, ಎಚ್‌ಐವಿ, ಹೆಪಟೈಟಿಸ್‌ನಂತಹ ಹರಡುವ ರೋಗಗಳನ್ನು. ನಮ್ಮ ಹೃದಯ, ಕಿಡ್ನಿ ಮುಂದೆ ಹೇಗಿರುತ್ತದೆ ಎಂಬುದಕ್ಕೆ ಅದು ಗ್ಯಾರಂಟಿ ಅಲ್ಲ.

ಸದ್ದಿಲ್ಲದ ರೋಗಗಳು

ಬಿಪಿ, ಶುಗರ್ ಹೆಚ್ಚಿನವರಲ್ಲಿ ವರ್ಷಗಟ್ಟಲೆ ಸದ್ದು ಮಾಡುವುದಿಲ್ಲ. ಆದರೆ ಒಳಗೊಳಗೇ ಕಣ್ಣಿನ ಪರದೆ, ಕಿಡ್ನಿ, ಕಾಲಿನ ನರಗಳು ಹಾಳಾಗುತ್ತಿರುತ್ತವೆ. ಕಣ್ಣು ಮಂಜಾಗಿ, ಕಾಲಿನ ಗಾಯ ಒಣಗದೆ ಆಸ್ಪತ್ರೆಗೆ ಹೋಗುವಾಗ ತಡವಾಗಿರುತ್ತದೆ. ಮೊದಲೇ ಗೊತ್ತಾದರೆ ಊಟ, ನಡಿಗೆ ಮತ್ತು ಮಾತ್ರೆಯಲ್ಲಿ ನಿಯಂತ್ರಣಕ್ಕೆ ತರಬಹುದು.

30 ದಾಟಿದ ಗಂಡಸರು, ಹೆಂಗಸರು ಇಬ್ಬರೂ ವರ್ಷಕ್ಕೊಮ್ಮೆ ಇವೆರಡನ್ನು ನೋಡಿಸಲೇಬೇಕು. ಬಿಪಿ 140/90 ಅಥವಾ ಮೇಲಿದ್ದರೆ, ಖಾಲಿ ಹೊಟ್ಟೆಯ ಶುಗರ್ 126 ಅಥವಾ ಹೆಚ್ಚಿದ್ದರೆ ವೈದ್ಯರನ್ನು ಕಾಣಿ. ಒಂದೇ ಸಲದ ಅಂಕಿ ನೋಡಿ ಹೆದರುವುದು ಬೇಡ. ಮತ್ತೊಮ್ಮೆ ಪರೀಕ್ಷಿಸಿಯೇ ವೈದ್ಯರು ತೀರ್ಮಾನಿಸುತ್ತಾರೆ. ಬಾಪನಿಗೋ ಉಮ್ಮನಿಗೋ ಶುಗರ್ ಇದ್ದರೆ, ಹೊಟ್ಟೆ ಬಂದಿದ್ದರೆ 30ರವರೆಗೂ ಕಾಯಬೇಡಿ. ಗರ್ಭಿಣಿಯಾಗಿದ್ದಾಗ ಶುಗರ್ ಬಂದ ಹೆಂಗಸರು ಹೆರಿಗೆಯ ನಂತರ "ಹೋಯ್ತಲ್ಲ" ಎಂದು ಬಿಡುವುದೂ ತಪ್ಪು. ಅವರಿಗೆ ಮುಂದೆ ಅದು ಮರಳುವ ಸಾಧ್ಯತೆ ಹೆಚ್ಚು.

ಉಮ್ಮನ ಸರದಿ ಯಾವಾಗ?

ಮಕ್ಕಳ ಜ್ವರಕ್ಕೆ, ಅತ್ತೆಯ ಮಂಡಿನೋವಿಗೆ ಆಸ್ಪತ್ರೆಗೆ ಓಡುವವಳು ಉಮ್ಮ. ಅವಳ ಬಿಪಿ ನೋಡಿ ಎಷ್ಟು ಕಾಲವಾಯಿತು ಎಂದು ಕೇಳಿದರೆ ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. "ನನಗೆಂತ ಆಗಿದೆ?" ಎಂದು ಅವಳೂ ನಕ್ಕು ಬಿಡುತ್ತಾಳೆ.

30ರಿಂದ 65 ವರ್ಷದ ಹೆಂಗಸರಿಗೆ ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯನ್ನು 5 ವರ್ಷಕ್ಕೊಮ್ಮೆ ಮಾಡಬೇಕೆಂಬುದು ಸರಕಾರದ ಕಾರ್ಯಕ್ರಮದಲ್ಲಿಯೇ ಇದೆ. ಇಲ್ಲಿ ಅಡ್ಡ ಬರುವುದು ಖರ್ಚಿಗಿಂತ ನಾಚಿಕೆ. ಗರ್ಭಕೊರಳಿಗೆ ದುರ್ಬಲ ಅಸಿಟಿಕ್ ಆಮ್ಲ ಹಚ್ಚಿ ಬಣ್ಣ ಬದಲಾಗುತ್ತದೆಯೇ ಎಂದು ನೋಡುವ ಸರಳ ಪರೀಕ್ಷೆ ಅದು. ಕೊಯ್ಯುವುದಿಲ್ಲ, ಕೆಲವೇ ನಿಮಿಷದ ಕೆಲಸ. ಮಹಿಳಾ ವೈದ್ಯರೋ ನರ್ಸೋ ಬೇಕೆಂದು ಕೇಳಲು ಸಂಕೋಚ ಬೇಡ. ಮಂಗಳೂರಿನಲ್ಲಿ ಹೆಂಗಸರಿಗೆಂದೇ ಲೇಡಿಗೋಶನ್ ಸರಕಾರಿ ಆಸ್ಪತ್ರೆ ಇದೆ. ಸ್ತನದಲ್ಲಿ ಗಂಟು, ನೆಟ್ಟಗೆ ಇಲ್ಲದ ಸ್ರಾವ ಕಂಡರೆ 5 ವರ್ಷದ ಲೆಕ್ಕ ಹಿಡಿಯದೆ ಕೂಡಲೇ ತೋರಿಸಿ.

ಬಾಯಿಯ ತಪಾಸಣೆ ಇಬ್ಬರಿಗೂ ಬೇಕು. ಅಡಿಕೆಯ ಊರಿನವರು ನಾವು. ಮದುವೆ ಊಟದ ಮೇಲೆ ಬೀಡ ಇಲ್ಲದಿದ್ದರೆ ಆಗುವುದಿಲ್ಲ. ಹೊಗೆಸೊಪ್ಪು ಸೇರಿಸದಿದ್ದರೂ ಅಡಿಕೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿದೆ. ಬಾಯಿಯಲ್ಲಿ ಬಿಳಿ ಅಥವಾ ಕೆಂಪು ಕಲೆ, ಎರಡು ವಾರವಾದರೂ ಮಾಗದ ಹುಣ್ಣು, ಬಾಯಿ ಪೂರ್ತಿ ತೆರೆಯಲಾಗದಿರುವುದು ಕಂಡರೆ ನಿರ್ಲಕ್ಷ್ಯ ಬೇಡ.

ಎಲ್ಲಿ, ಯಾವಾಗ?

ಇದಕ್ಕೆ ಸಾವಿರಾರು ರೂಪಾಯಿಯ 'ಫುಲ್ ಬಾಡಿ ಪ್ಯಾಕೇಜ್' ಬೇಕಿಲ್ಲ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ಉಚಿತವಾಗಿ ನೋಡುತ್ತಾರೆ. ರಾಜ್ಯದ 'ಗೃಹ ಆರೋಗ್ಯ' ಯೋಜನೆಯಲ್ಲಿ ಮನೆಗೇ ಬಂದು ತಪಾಸಣೆ ಮಾಡುತ್ತಾರೆ. ಆಶಾ ಕಾರ್ಯಕರ್ತೆ ಬಂದರೆ "ಗಂಡಸರು ಮನೆಯಲ್ಲಿಲ್ಲ" ಎಂದು ಬಾಗಿಲಿಂದಲೇ ಕಳುಹಿಸಬೇಡಿ. ಒಳಗೆ ಕರೆದು ಕುಳ್ಳಿರಿಸಿ, ನಿಮ್ಮ ಬಿಪಿಯನ್ನೇ ಮೊದಲು ನೋಡಿಸಿ.

ಗಲ್ಫ್‌ನಿಂದ ರಜೆಯಲ್ಲಿ ಬರುವವರ ದಿನಗಳು ಮದುವೆ, ಔತಣ, ನೆಂಟರ ಮನೆಯಲ್ಲೇ ಮುಗಿಯುತ್ತವೆ. ಅದರಲ್ಲಿ ಒಂದು ಬೆಳಗ್ಗೆ ಲ್ಯಾಬ್‌ಗೆ ಇಡಿ, ಹೆಂಡತಿಯನ್ನೂ ಕರೆದುಕೊಂಡು ಹೋಗಿ. ಶುಗರ್ ಇರುವವರು ರಮಝಾನ್‌ಗೆ ಒಂದೆರಡು ತಿಂಗಳು ಮೊದಲೇ ವೈದ್ಯರನ್ನು ಕಂಡು ಉಪವಾಸ ಹಿಡಿಯಬಹುದೇ, ಮಾತ್ರೆಯ ಸಮಯ ಹೇಗೆ ಎಂದು ಕೇಳಿಕೊಳ್ಳಲಿ.

ರಕ್ತದಾನ ಶಿಬಿರ ಮಾಡುವುದರಲ್ಲಿ ನಮ್ಮ ಯುವಕರು ಮುಂದೆ. ಮದ್ರಸದ ಹಾಲ್‌ನಲ್ಲಿ ಅದೇ ದಿನ ಬಿಪಿ, ಶುಗರ್‌ಗೊಂದು ಟೇಬಲ್, ಹೆಂಗಸರಿಗೆ ಪ್ರತ್ಯೇಕ ಕೋಣೆ ಸೇರಿಸಿದರೆ ಎಷ್ಟೋ ಮನೆಗಳಿಗೆ ಉಪಕಾರ. ಖತೀಬರು ಜುಮಾದಲ್ಲಿ ಒಂದು ಮಾತು ಹೇಳಿದರೆ ಇನ್ನೂ ಒಳ್ಳೆಯದು. ಅಂಕಿ ಹೆಚ್ಚು ಬಂದವರನ್ನು ಮರುದಿನ ವೈದ್ಯರಲ್ಲಿಗೆ ಕಳುಹಿಸುವ ಜವಾಬ್ದಾರಿಯನ್ನೂ ಯಾರಾದರೂ ಹೊರಬೇಕು; ಇಲ್ಲವಾದರೆ ಶಿಬಿರ ಬರೀ ಫೋಟೊಕ್ಕೆ.

"ಅಲ್ಲಾಹು ಇದ್ದಾನೆ" ಎನ್ನುವ ನಮ್ಮ ಭರವಸೆ ಸರಿ. ಆದರೆ ಒಂಟೆಯನ್ನು ಕಟ್ಟದೆ ಬಿಡುವುದು ತವಕ್ಕುಲ್ ಅಲ್ಲ. ದೇಹ ಅವನು ಕೊಟ್ಟ ಅಮಾನತ್. ವೀಸಾದವರು, ಹಜ್ಜಿನವರು ಕಾಗದ ಕೇಳುವ ತನಕ ಕಾಯುವುದು ಬೇಡ. ಈ ವಾರವೇ ಹೋಗೋಣ, ಉಮ್ಮನನ್ನೂ ಕರೆದುಕೊಂಡು.