ಅವರಪ್ಪನೂ ತಡವಾಗಿಯೇ ಮಾತಾಡಿದ್ದು

ಎರಡು ವರ್ಷ ತುಂಬಿದರೂ ಮಗು ಮಾತಾಡುತ್ತಿಲ್ಲ ಎಂದು ತಾಯಿ ಮೆಲ್ಲಗೆ ಹೇಳಿಕೊಂಡರೆ ಮನೆಯಲ್ಲಿ ಸಿಗುವ ಉತ್ತರಗಳು ಹೆಚ್ಚುಕಡಿಮೆ ಎಲ್ಲ ಊರಲ್ಲೂ ಒಂದೇ. ಗಂಡುಮಕ್ಕಳಿಗೆ ಮಾತು ಬರುವುದೇ ತಡ. ಅವರಪ್ಪನೂ ನಾಲ್ಕು ವರ್ಷಕ್ಕೇ ಬಾಯಿ ಬಿಟ್ಟದ್ದು, ಈಗ ನೋಡು, ಸುಮ್ಮನಿರಿಸುವುದೇ ಕಷ್ಟ. ಬಜೆ ತೇಯ್ದು ನಾಲಿಗೆಗೆ ಹಚ್ಚು. ಅಂಗನವಾಡಿಗೆ ಹಾಕು, ನಾಲ್ಕು ಮಕ್ಕಳ ಜತೆ ಸೇರಿದರೆ ತಾನಾಗಿಯೇ ಬರುತ್ತೆ. ಕತ್ತು ನಿಲ್ಲದ, ಕೂರದ, ನಡೆಯದ ಮಗುವಿಗೂ ಇಂಥದೇ ಸಮಾಧಾನಗಳಿವೆ. ಕೆಟ್ಟ ಮನಸ್ಸಿನಿಂದ ಯಾರೂ ಇವನ್ನು ಹೇಳುವುದಿಲ್ಲ, ಕೆಲವು ಅರ್ಧ ನಿಜವೂ ಹೌದು. ಆದರೆ ಇವೆಲ್ಲದರ ತಳದಲ್ಲಿ ಒಂದು ನಂಬಿಕೆ ಕೂತಿದೆ: ಕಾಯುವುದರಿಂದ ಕಳೆದುಕೊಳ್ಳುವುದೇನೂ ಇಲ್ಲ ಎಂಬುದು. ಬೆಳವಣಿಗೆಯಲ್ಲಿ ಹಿಂದುಳಿದ ಪುಟ್ಟ ಮಕ್ಕಳಿಗೆ ಬೇಗ ನೆರವು ಕೊಡಿಸುವ ವಿಷಯದಲ್ಲಿ ಉಳಿದ ತಪ್ಪು ಕಲ್ಪನೆಗಳೆಲ್ಲ ಹುಟ್ಟುವುದು ಇದರಿಂದಲೇ.

ಆ ಅಪ್ಪನ ಕಥೆಯನ್ನೇ ಮೊದಲು ನೋಡೋಣ. ಗಂಡುಮಕ್ಕಳು ಸರಾಸರಿಯಲ್ಲಿ ತುಸು ತಡವಾಗಿ ಮಾತು ಶುರುಮಾಡುತ್ತಾರೆ, ನಿಜ. ಆ ಅಂತರ ತಿಂಗಳ ಲೆಕ್ಕದ್ದೇ ಹೊರತು ವರ್ಷಗಳದ್ದಲ್ಲ. ಎರಡು ವರ್ಷಕ್ಕೆ ಮಾತು ಕಡಿಮೆಯಿದ್ದ ಅನೇಕ ಮಕ್ಕಳು ಶಾಲೆ ಸೇರುವ ಹೊತ್ತಿಗೆ ಉಳಿದವರ ಸಮಕ್ಕೆ ಬರುತ್ತಾರೆ ಎಂಬುದೂ ನಿಜ. ತೊಂದರೆ ಏನೆಂದರೆ, ಹಾಗೆ ಸಮಕ್ಕೆ ಬಂದವರ ಕಥೆಗಳಷ್ಟೇ ಮನೆಯಲ್ಲಿ ಉಳಿದುಕೊಳ್ಳುತ್ತವೆ. ಅದೇ ವಂಶದಲ್ಲಿ ಮಾತು ಬಾರದೆಯೇ ಬದುಕು ಮುಗಿಸಿದ ದೊಡ್ಡಪ್ಪನನ್ನೋ, ಎರಡನೇ ತರಗತಿಗೇ ಶಾಲೆ ಬಿಟ್ಟ ಸೋದರತ್ತೆಯನ್ನೋ ಯಾರೂ ಉದಾಹರಣೆಗೆ ತರುವುದಿಲ್ಲ. ಯಾವ ಮಗು ಯಾವ ಗುಂಪಿಗೆ ಸೇರಿದ್ದು ಎಂಬುದನ್ನು ವಂಶದ ಕಥೆಗಿಂತ ಮಗುವಿನ ನಡೆಯೇ ಚೆನ್ನಾಗಿ ಹೇಳುತ್ತದೆ. ಮಾತಿಲ್ಲದಿದ್ದರೂ ಹೇಳಿದ್ದು ಅರ್ಥವಾಗುತ್ತಿದೆಯೇ? ಹೆಸರು ಕರೆದರೆ ತಿರುಗುತ್ತದೆಯೇ? ಆಕಾಶದ ವಿಮಾನವನ್ನು ಬೆರಳು ಮಾಡಿ ತೋರಿಸಿ, ನೀವೂ ನೋಡಿದಿರಾ ಎಂದು ನಿಮ್ಮ ಮುಖ ನೋಡುತ್ತದೆಯೇ? ಒಂದೂವರೆ ವರ್ಷಕ್ಕೂ ಬೆರಳು ತೋರಿಸದ, ಎರಡು ವರ್ಷಕ್ಕೂ ಎರಡು ಪದ ಕೂಡಿಸದ ಮಗುವನ್ನು ಕಾದು ನೋಡುವುದಲ್ಲ, ತೋರಿಸಿ ನೋಡಬೇಕು. ಬಂದಿದ್ದ ಮಾತು ಮಾಯವಾದರಂತೂ ವಯಸ್ಸು ಎಷ್ಟೇ ಇರಲಿ, ಒಂದು ವಾರವೂ ತಡಮಾಡುವಂತಿಲ್ಲ.

‘ಪ್ರತಿ ಮಗುವೂ ಬೇರೆ, ಪುಸ್ತಕದ ಪಟ್ಟಿಗೆ ಹೆದರಬೇಡಿ’ ಎಂಬ ಆಕ್ಷೇಪ ಇಲ್ಲಿ ಬಂದೇ ಬರುತ್ತದೆ, ಕೆಲವೊಮ್ಮೆ ವೈದ್ಯರಿಂದಲೇ. ಇದಕ್ಕೊಂದು ಸ್ವಾರಸ್ಯದ ಉತ್ತರವಿದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ ಬೆಳವಣಿಗೆಯ ಮೈಲಿಗಲ್ಲುಗಳ ತನ್ನ ಪಟ್ಟಿಯನ್ನು 2022ರಲ್ಲಿ ತಿದ್ದಿತು. ಅದುವರೆಗೆ ಇಂಥ ಪಟ್ಟಿಗಳಲ್ಲಿ ಇರುತ್ತಿದ್ದುದು ಸುಮಾರು ಅರ್ಧದಷ್ಟು ಮಕ್ಕಳು ಒಂದು ಕೆಲಸ ಕಲಿಯುವ ವಯಸ್ಸು. ಅಂದರೆ ಉಳಿದರ್ಧ ಮಕ್ಕಳು ಸಹಜವಾಗಿಯೇ ಹಿಂದೆ. ಹೀಗಾಗಿ ವೈದ್ಯರೂ ಕಾಯೋಣ ಎನ್ನುತ್ತಿದ್ದರು. ಹೊಸ ಪಟ್ಟಿಯಲ್ಲಿ ಇರುವುದು ನೂರಕ್ಕೆ 75 ಅಥವಾ ಅದಕ್ಕೂ ಹೆಚ್ಚು ಮಕ್ಕಳು ಆ ಕೆಲಸ ಮಾಡುವ ವಯಸ್ಸು. ಪ್ರತಿ ಮಗುವೂ ಬೇರೆ ಎಂಬ ರಿಯಾಯಿತಿಯನ್ನು ಪಟ್ಟಿಯೊಳಗೇ ಕೊಟ್ಟು ಆಗಿದೆ ಎಂದರ್ಥ. ಅದರ ಮೇಲೆ ಮತ್ತೊಂದು ವರ್ಷದ ರಿಯಾಯಿತಿ ಕೊಡುವುದಕ್ಕೆ ಆಧಾರವಿಲ್ಲ. ಬೆಳವಣಿಗೆಯ ಹಿನ್ನಡೆ ಎಲ್ಲೋ ಅಪರೂಪಕ್ಕೆ ಬರುವ ಸಮಸ್ಯೆ ಎಂದೂ ತಿಳಿಯಬೇಕಿಲ್ಲ. ಪಲ್ವಲ್, ಕಾಂಗ್ಡಾ, ಢೆಂಕಾನಾಲ್, ಉತ್ತರ ಗೋವಾ ಮತ್ತು ಹೈದರಾಬಾದಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಎರಡರಿಂದ ಆರು ವರ್ಷದೊಳಗಿನ ಮಕ್ಕಳಲ್ಲಿ ಶೇ 9ರಷ್ಟು ಮಂದಿಗೆ ನರಬೆಳವಣಿಗೆಯ ಯಾವುದಾದರೊಂದು ತೊಂದರೆಯಿತ್ತು.

ಕಿವಿಯ ವಿಚಾರ ಬಂದಾಗ ಸ್ವಲ್ಪ ನಿಲ್ಲಬೇಕು. ‘ಅಡುಗೆಮನೆಯಲ್ಲಿ ತಟ್ಟೆ ಬಿದ್ದರೆ ಬೆಚ್ಚಿ ನೋಡುತ್ತಾನೆ, ಕಿವಿ ಚೆನ್ನಾಗಿಯೇ ಇದೆ’ ಎನ್ನುವುದು ಬಹಳ ಮನೆಗಳಲ್ಲಿ ನಡೆಯುವ ಪರೀಕ್ಷೆ. ಇದು ಪರೀಕ್ಷೆಯೇ ಅಲ್ಲ. ತಟ್ಟೆಯ ಸದ್ದು ಜೋರಿನದು. ಬಾಗಿಲು ಬಡಿದರೆ ನೆಲದ ಅದುರುವಿಕೆಯೂ ಮಗುವಿಗೆ ತಿಳಿಯುತ್ತದೆ. ಮಾತು ಕಲಿಯಲು ಬೇಕಾದದ್ದು ಅದಕ್ಕಿಂತ ಎಷ್ಟೋ ಮೆಲುವಾದ ಸದ್ದುಗಳು ಕೇಳಿಸುವುದು: ‘ಸ’, ‘ಶ’, ‘ತ’ದಂಥ ಅಕ್ಷರಗಳು. ಏರುಸ್ವರಗಳು ಮಾತ್ರ ಕೇಳಿಸದ ಮಗುವಿಗೆ ಅಮ್ಮನ ದನಿ ಕೇಳುತ್ತದೆ, ಅಮ್ಮ ಏನೆಂದಳೆಂಬುದು ತಿಳಿಯುವುದಿಲ್ಲ. ಆಗ ಅದನ್ನು ಹಟಮಾರಿ ಎನ್ನುತ್ತೇವೆ. ಅಮೆರಿಕದ ಕೊಲರಾಡೊದಲ್ಲಿ 150 ಮಕ್ಕಳ ಮೇಲೆ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ತಡವಾಗಿ ತಿಳಿಯುವುದರ ಬೆಲೆಯನ್ನು ಅಳೆದು ತೋರಿಸಿತು. ಆರು ತಿಂಗಳೊಳಗೆ ಶ್ರವಣದೋಷ ಗೊತ್ತಾಗಿ ನೆರವು ಸಿಕ್ಕ ಮಕ್ಕಳ ಭಾಷೆ, ಆಮೇಲೆ ಗೊತ್ತಾದವರದಕ್ಕಿಂತ ಸ್ಪಷ್ಟವಾಗಿ ಮುಂದಿತ್ತು, ದೋಷದ ಪ್ರಮಾಣ ಎಷ್ಟೇ ಇರಲಿ. ಹುಟ್ಟಿದ ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಶ್ರವಣಸಾಧನ ಮತ್ತು ತರಬೇತಿ ಎಂಬ ಇಂದಿನ ಸೂತ್ರದ ಹಿಂದೆ ಇಂಥ ಸಾಕ್ಷ್ಯವಿದೆ. ಮಾತು ತಡವಾದ ಯಾವ ಮಗುವಿಗೂ ಮೊದಲು ಆಗಬೇಕಾದದ್ದು ಕಿವಿಯ ಪರೀಕ್ಷೆ. ಮಗು ನಿದ್ದೆಯಲ್ಲಿರುವಾಗ ಮಾಡುವ ಬೆರಾ ಪರೀಕ್ಷೆಗೆ ಮಗು ಏನನ್ನೂ ಹೇಳಬೇಕಾಗಿಯೇ ಇಲ್ಲ. ಇನ್ನು ನಾಲಿಗೆಯ ಕೆಳಗಿನ ದಾರ ಕತ್ತರಿಸಿದರೆ ಮಾತು ಬರುತ್ತದೆ ಎಂಬುದಕ್ಕೆ ಆಧಾರವಿಲ್ಲ, ಬಜೆಗೂ ಇಲ್ಲ.

ಎರಡನೆಯ ಗಟ್ಟಿ ನಂಬಿಕೆ ಹೆಸರಿನದು: ಕಾಯಿಲೆ ಯಾವುದೆಂದು ತಿಳಿಯದೆ ಚಿಕಿತ್ಸೆ ಹೇಗೆ? ಜ್ವರಕ್ಕೆ ಇದು ಸರಿಯಾದ ಪ್ರಶ್ನೆ. ಬೆಳವಣಿಗೆಯ ಹಿನ್ನಡೆಗೆ ಪೂರ್ತಿ ಹೊಂದದು. ಮಗು ಏನು ಮಾಡುತ್ತಿದೆ, ಮುಂದಿನ ಮೆಟ್ಟಿಲು ಯಾವುದು ಎಂಬುದರ ಮೇಲೆ ಥೆರಪಿ ನಿಂತಿದೆ. ಕೂರದ ಮಗುವನ್ನು ಕೂರಿಸುವ, ಸನ್ನೆ ಮಾಡದ ಮಗುವಿಗೆ ಸನ್ನೆ ಕಲಿಸುವ ಕೆಲಸಕ್ಕೆ ಆಟಿಸಂ, ಸೆರೆಬ್ರಲ್ ಪಾಲ್ಸಿ ಎಂಬ ಹೆಸರು ಕೈಗೆ ಬರುವವರೆಗೆ ಕಾಯಬೇಕಿಲ್ಲ. ಕಾರಣ ಹುಡುಕುವುದನ್ನು ಬಿಡಬೇಕು ಎಂದಲ್ಲ. ಫಿಟ್ಸ್, ಥೈರಾಯ್ಡ್‌ನಂಥವಕ್ಕೆ ಔಷಧವಿದೆ, ಅವನ್ನು ಬೇಗ ಪತ್ತೆ ಮಾಡಲೇಬೇಕು. ಎರಡೂ ಒಟ್ಟೊಟ್ಟಿಗೆ ನಡೆಯಲಿ ಎಂಬುದಷ್ಟೇ ವಾದ. ಇದಕ್ಕೆ ಎದುರಾಗುವ ಗಂಭೀರ ಆಕ್ಷೇಪವೆಂದರೆ, ತಾನಾಗಿಯೇ ಸರಿಹೋಗಬಹುದಾಗಿದ್ದ ಮಗುವಿನ ತಾಯಿತಂದೆಯನ್ನು ಸುಮ್ಮನೆ ಹೆದರಿಸಿದಂತಾಗುತ್ತದೆ ಎಂಬುದು. ಹೌದು, ಕೆಲವರಿಗೆ ಹಾಗಾಗುತ್ತದೆ. ಆದರೆ ಎರಡು ಕಡೆಯ ನಷ್ಟವನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಬೇಕಿಲ್ಲದ ಮಗುವಿಗೆ ಸಿಗುವುದು ಒಂದಷ್ಟು ಆಟ, ಒಂದಷ್ಟು ಮಾತುಕತೆ. ಅದರಿಂದ ಯಾವ ಮಗುವೂ ಕೆಟ್ಟಿಲ್ಲ. ಬೇಕಿದ್ದ ಮಗುವಿಗೆ ಸಿಗದಿದ್ದರೆ ಹೋಗುವುದು ಮಿದುಳು ಅತಿ ವೇಗವಾಗಿ ಕಲಿಯುವ ವರ್ಷಗಳು. ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ 1980ರ ದಶಕದಲ್ಲಿ ನಡೆದ ಪ್ರಯೋಗದಲ್ಲಿ ಅಪೌಷ್ಟಿಕತೆಯಿಂದ ಕುಗ್ಗಿದ 9ರಿಂದ 24 ತಿಂಗಳ ಮಕ್ಕಳ ಮನೆಗೆ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೊಮ್ಮೆ ಹೋಗಿ, ಮಗುವಿನೊಡನೆ ಆಡುವುದನ್ನು ತಾಯಂದಿರಿಗೆ ಕಲಿಸಿದರು. ಎರಡು ವರ್ಷ ನಡೆದದ್ದು ಇಷ್ಟೇ. ಇಪ್ಪತ್ತು ವರ್ಷದ ನಂತರ ಆ ಮಕ್ಕಳ ಗಳಿಕೆ, ಹಾಗೆ ಭೇಟಿ ಸಿಗದ ಮಕ್ಕಳದಕ್ಕಿಂತ ಶೇ 25ರಷ್ಟು ಹೆಚ್ಚಿತ್ತು. ಅಂಗವೈಕಲ್ಯವುಳ್ಳ ಮಕ್ಕಳ ಅಧ್ಯಯನ ಅದಲ್ಲ, ಅದನ್ನು ಮರೆಯಬಾರದು. ಆದರೂ ರೋಗದ ಹೆಸರೇ ಇಲ್ಲದೆ, ದುಬಾರಿ ಯಂತ್ರಗಳಿಲ್ಲದೆ, ಬರಿಯ ಆಟ ಏನು ಮಾಡಬಲ್ಲುದು ಎಂಬುದಕ್ಕೆ ಸಾಕ್ಷಿ.

ಇದನ್ನೇ ಅತಿಗೆ ಒಯ್ದು ಮೂರು ವರ್ಷ ದಾಟಿದರೆ ಬಾಗಿಲು ಮುಚ್ಚಿತು ಎನ್ನುವವರೂ ಇದ್ದಾರೆ, ಕೆಲವು ಜಾಹೀರಾತುಗಳಂತೂ ಆ ಭಯವನ್ನೇ ಮಾರುತ್ತವೆ. ರುಮೇನಿಯಾದ ಅನಾಥಾಲಯಗಳ ಮಕ್ಕಳನ್ನು ಸಾಕುಮನೆಗಳಲ್ಲಿ ಇರಿಸಿ ನಡೆಸಿದ ಬುಕಾರೆಸ್ಟ್ ಅಧ್ಯಯನದಲ್ಲಿ ಎರಡು ವರ್ಷದೊಳಗೆ ಮನೆ ಸಿಕ್ಕ ಮಕ್ಕಳು ಹೆಚ್ಚು ಚೇತರಿಸಿಕೊಂಡರು. ಬೇಗ ಆದಷ್ಟೂ ಒಳ್ಳೆಯದು ಎಂಬುದು ಅದರಿಂದ ತಿಳಿಯುತ್ತದೆ. ತಡವಾದರೆ ದಂಡ ಎಂದು ಅದು ಹೇಳುವುದಿಲ್ಲ. ಐದು ವರ್ಷದ ಮಗುವೂ ಕಲಿಯುತ್ತದೆ, ದಾರಿ ಉದ್ದವಾಗುತ್ತದೆ.

ಈಚೆಗೆ ಎಲ್ಲ ದೂರುಗಳ ಭಾರವೂ ಮೊಬೈಲಿನ ಮೇಲೆ ಬಿದ್ದಿದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡ ಎಂದು ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯೇ ಹೇಳಿದೆ, ಅದನ್ನು ಪಾಲಿಸಬೇಕು. ಪರದೆಯ ಮುಂದೆ ಕಳೆದ ಹೊತ್ತು ಮಾತುಕತೆಯ ಹೊತ್ತನ್ನು ತಿನ್ನುತ್ತದೆ. ಆದರೆ ಮೊಬೈಲ್ ಆಟಿಸಂ ತರುತ್ತದೆ, ಕಿತ್ತುಕೊಂಡರೆ ವಾಸಿಯಾಗುತ್ತದೆ ಎಂಬ ಮಾತಿಗೆ ಪುರಾವೆ ಇಲ್ಲ. ಅದನ್ನು ನಂಬಿದವರು ಮೊಬೈಲ್ ಬಚ್ಚಿಟ್ಟು ಇನ್ನಾರು ತಿಂಗಳು ಕಾಯುತ್ತಾರೆ, ಕೇಡು ಅಲ್ಲಿದೆ. ಇನ್ನೂ ಒಂದು ಕೇಡು ಇದೆ. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಎಂಬ ಲೇಖಕರು ಪುಸ್ತಕವೊಂದನ್ನು ಬರೆದು, ತಾಯಿಯ ಪ್ರೀತಿ ಸಾಲದೆ ಆಟಿಸಂ ಬರುತ್ತದೆ ಎಂಬ ವಾದವನ್ನು ಜನಪ್ರಿಯಗೊಳಿಸಿದರು. ಆ ವಾದ ಬಿದ್ದುಹೋಗಿ ದಶಕಗಳಾದವು. ಕೈಗೆ ಮೊಬೈಲ್ ಕೊಟ್ಟವಳು ಯಾರು ಎಂದು ಸೊಸೆಯತ್ತ ತಿರುಗುವ ನೋಟ ಅದರದೇ ಮುಂದಿನ ತಲೆಮಾರು. ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬ ಆರೋಪದ ಕಥೆಯೂ ಮುಗಿದಿದೆ: ಅದನ್ನು ಹಬ್ಬಿಸಿದ 1998ರ ಲೇಖನವನ್ನು ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು, ಡೆನ್ಮಾರ್ಕಿನ ಆರೂವರೆ ಲಕ್ಷ ಮಕ್ಕಳ 2019ರ ಅಧ್ಯಯನದಲ್ಲೂ ಸಂಬಂಧ ಕಾಣಲಿಲ್ಲ.

ಕರ್ನಾಟಕದ ಮನೆಗಳಿಗೆ ವಿಶೇಷವಾಗಿ ತಾಕುವ ತಪ್ಪೊಂದು ಭಾಷೆಯದು. ಮನೆಯಲ್ಲಿ ತುಳು, ಅಜ್ಜಿಯ ಬಾಯಲ್ಲಿ ಕೊಂಕಣಿ, ಬೀದಿಯಲ್ಲಿ ಕನ್ನಡ, ಕಲಬುರಗಿಯ ಓಣಿಯಲ್ಲಿ ಉರ್ದು. ಇಷ್ಟೆಲ್ಲ ಕೇಳಿ ಮಗು ಗೊಂದಲಕ್ಕೆ ಬಿದ್ದಿದೆ, ಒಂದೇ ಭಾಷೆ ಆಡಿ, ಅದೂ ಇಂಗ್ಲಿಷೇ ಆಗಲಿ ಎಂಬ ಸಲಹೆ ಸಿಗುತ್ತದೆ. ಎರಡು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಎರಡು ಭಾಷೆಯ ಮಕ್ಕಳ ಇಂಗ್ಲಿಷ್ ಒಂದೇ ಭಾಷೆಯವರದಕ್ಕಿಂತ ಹಿಂದೆ ಬಿದ್ದಿರಲಿಲ್ಲ. ಇತ್ತ ಅರೆಬರೆ ಇಂಗ್ಲಿಷಿಗೆ ಬದಲಾದ ತಾಯಿ ಆಡುವ ಮಾತೇ ಕಡಿಮೆಯಾಗುತ್ತದೆ: ಬಾ, ಕೂತ್ಕೊ, ತಿನ್ನು ಎಂಬಷ್ಟಕ್ಕೆ ಇಳಿಯುತ್ತದೆ. ಕಥೆ, ಲಾಲಿ, ಬೈಗುಳ, ಮುದ್ದು ಎಲ್ಲ ಹೋಗುತ್ತವೆ. ಮಾತು ಕಲಿಯಬೇಕಾದ ಮಗುವಿಗೆ ಇದಕ್ಕಿಂತ ದೊಡ್ಡ ನಷ್ಟವಿಲ್ಲ.

ಥೆರಪಿ ಎಂದರೆ ತಜ್ಞರು ಮುಚ್ಚಿದ ಕೋಣೆಯಲ್ಲಿ ಮಗುವಿಗೆ ಮಾಡುವ ಏನೋ ಒಂದು, ಗಂಟೆ ಹೆಚ್ಚಿದಷ್ಟೂ ಫಲ ಹೆಚ್ಚು, ಅದು ಬೆಂಗಳೂರಿನಲ್ಲಷ್ಟೇ ಸಿಗುತ್ತದೆ ಎಂಬ ನಂಬಿಕೆಯನ್ನೂ ಇಲ್ಲೇ ನೋಡಬೇಕು. ವಾರದಲ್ಲಿ ಎರಡು ಗಂಟೆ ಥೆರಪಿಸ್ಟರ ಹತ್ತಿರ ಇರುವ ಮಗು ಉಳಿದ ಹೊತ್ತನ್ನೆಲ್ಲ ಮನೆಯಲ್ಲೇ ಕಳೆಯುತ್ತದೆ. ಸ್ನಾನ, ಊಟ, ಬಟ್ಟೆ ಹಾಕುವುದರಲ್ಲಿ ಕಲಿಸಿದ್ದು ನಿಲ್ಲುತ್ತದೆ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳೊಂದಿಗೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತಜ್ಞರಲ್ಲದ ಕಾರ್ಯಕರ್ತರೇ ತರಬೇತಿ ಪಡೆದು, ಆಟಿಸಂ ಇರುವ ಮಕ್ಕಳ ತಾಯಿತಂದೆಗೆ ಮಗುವಿನ ಸೂಚನೆಗೆ ಸ್ಪಂದಿಸುವುದನ್ನು ಹೇಳಿಕೊಟ್ಟರು. ತಾಯಿತಂದೆ ಸ್ಪಂದಿಸುವ ರೀತಿ ಸುಧಾರಿಸಿತು, ಮಕ್ಕಳು ತಾವಾಗಿ ಮಾತುಕತೆಗೆ ಮುಂದಾಗುವುದು ಹೆಚ್ಚಿತು. ಎಲ್ಲ ಅಳತೆಯಲ್ಲೂ ಗೆಲುವು ಸಿಗಲಿಲ್ಲ, ಪ್ರಯೋಗವೂ ಚಿಕ್ಕದು. ಹಾಗೆಂದು ಇಡೀ ಭಾರವನ್ನು ಮನೆಯ ಮೇಲೆ ಹೊರಿಸುವುದೂ ನ್ಯಾಯವಲ್ಲ, ಏಕೆಂದರೆ ನಮ್ಮಲ್ಲಿ ಮನೆ ಎಂದರೆ ಅಮ್ಮ ಎಂದೇ ಲೆಕ್ಕ. ತರಬೇತಿಗೆ ಅಪ್ಪ, ಅಜ್ಜಿಯೂ ಬರಬೇಕು ಎಂದು ಹೇಳುವ ಕೇಂದ್ರ ಸಿಕ್ಕರೆ ಬಿಡಬೇಡಿ.

ಹುಡುಕುವುದೆಲ್ಲಿ? 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಸಂಚಾರಿ ವೈದ್ಯ ತಂಡ ಪ್ರತಿ ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ ಬಂದು ಮಕ್ಕಳನ್ನು ನೋಡಬೇಕು. ಹಿನ್ನಡೆ ಕಂಡ ಆರು ವರ್ಷದೊಳಗಿನವರನ್ನು ಜಿಲ್ಲಾ ಶೀಘ್ರ ಮಧ್ಯಸ್ಥಿಕಾ ಕೇಂದ್ರಕ್ಕೆ, ಅಂದರೆ ಡಿಇಐಸಿಗೆ ಕಳಿಸಬೇಕು. ಅಲ್ಲಿ ಸೇವೆ ಉಚಿತ. ಎಲ್ಲ ಕೇಂದ್ರಗಳಲ್ಲೂ ಎಲ್ಲ ಹುದ್ದೆ ತುಂಬಿರುತ್ತವೆ ಎಂದು ನಂಬಿಸುವುದು ಬೇಡ. ಆದರೂ ಹತ್ತಿರದ ಆ ಬಾಗಿಲನ್ನು ತಟ್ಟದೆ ನೇರ ರಾತ್ರಿ ಬಸ್ಸು ಹತ್ತುವ ಅಗತ್ಯವಿಲ್ಲ. ಮಾತು ಮತ್ತು ಕಿವಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಕೈಕಾಲಿನ ಬಿಗಿತಕ್ಕೆ 1980ರಿಂದ ಕೆಲಸ ಮಾಡುತ್ತಿರುವ ಬೆಂಗಳೂರಿನ ಸ್ಪಾಸ್ಟಿಕ್ಸ್ ಸೊಸೈಟಿ, ನಡವಳಿಕೆಯ ತೊಂದರೆಗಳಿಗೆ ನಿಮ್ಹಾನ್ಸ್ ಇವೆ. ಖಾಸಗಿ ಕೇಂದ್ರಕ್ಕೆ ಹೋದರೆ ವಾಕ್ ಚಿಕಿತ್ಸಕರು ಮತ್ತು ವಿಶೇಷ ಶಿಕ್ಷಕರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಕೇಳಿ. ನಾವೂ ಒಳಗೆ ಕೂರಬಹುದೇ ಎಂದು ಕೇಳಿ. ಬೇಡ ಎಂದರೆ ಕಾರಣ ಕೇಳಿ. ಆಟಿಸಂಗೆ ಸ್ಟೆಮ್ ಸೆಲ್ ಚುಚ್ಚುಮದ್ದು ಎಂದು ಲಕ್ಷಗಟ್ಟಲೆ ಕೇಳುವವರಿಂದ ದೂರವಿರಿ. ಒಪ್ಪಿತ ಚಿಕಿತ್ಸೆ ಅದಲ್ಲ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿ ಹೇಳುತ್ತದೆ. ಕಾಯಿಲೆಯ ಹೆಸರು ಮತ್ತು ಪ್ರಮಾಣಪತ್ರ ನಿಜಕ್ಕೂ ಬೇಕಾಗುವುದು ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ, ಥೆರಪಿ ಖರ್ಚನ್ನೂ ಸೇರಿಸಿ ವರ್ಷಕ್ಕೆ ಒಂದು ಲಕ್ಷದವರೆಗೆ ಕೊಡುವ ನಿರಾಮಯ ವಿಮೆಗೆ. ಅದರ ಓಡಾಟ ಥೆರಪಿ ಶುರುವಾದ ಮೇಲೂ ನಡೆಯಬಹುದು. ಮೊದಲ ಭೇಟಿಗೆ ಹೋಗುವಾಗ ಮಗು ಮನೆಯಲ್ಲಿ ಆಡುವ, ಉಣ್ಣುವ, ಹಟ ಮಾಡುವ ಎರಡು ಮೂರು ವಿಡಿಯೊ ಫೋನಿನಲ್ಲಿರಲಿ. ಹೊಸ ಜಾಗದಲ್ಲಿ ಯಾವ ಮಗುವೂ ತನ್ನ ನಿಜರೂಪ ತೋರಿಸುವುದಿಲ್ಲ.