ಗಿಡ ಏರುವವರ ಹಗ್ಗ: ಸಂಘದ ಸೋದರಿಯರು ತಿಳಿದಿರಬೇಕಾದ ಸಂಗತಿಗಳು



ಶಿವರಾತ್ರಿ ಮುಗಿಯಿತೆಂದರೆ ಬೀದರ್, ಭಾಲ್ಕಿ, ಔರಾದ್ ಕಡೆಯ ಹಳ್ಳಿಗಳಲ್ಲಿ ಹುಣಚಿಹಣ್ಣಿನ ಸುಗ್ಗಿ. ಗಂಡಸರು ಗಿಡ ಏರಿ ಗಳದಿಂದ ಬಡಿಯುತ್ತಾರೆ, ಹೆಣ್ಣುಮಕ್ಕಳು ಕೆಳಗೆ ಆರಿಸುತ್ತಾರೆ. ಆಮೇಲೆ ಮನೆ ಅಂಗಳದಲ್ಲಿ ಕುಟ್ಟಿ, ಬೀಜ ತೆಗೆದು, ಉಂಡಿ ಕಟ್ಟಿ ಮಾರುವುದು ನಮ್ಮದೇ ಕೆಲಸ. ಬೇಸಿಗೆ ಬಲಿತ ಮೇಲೆ ಆಡುಗಳಿಗೆ ಸೊಪ್ಪು ಕಡಿಯಲು ಬೇವು, ಬನ್ನಿ, ಆಲದ ಗಿಡ ಏರುತ್ತಾರೆ. ಮಳೆಗಾಲಕ್ಕೆ ಮುಂಚೆ ಮನೆಯ ಮೇಲೆ ಬಾಗಿದ ಟೊಂಗೆ ಕಡಿಸುತ್ತೇವೆ. ಹಣ್ಣಿನ ದರ, ಸಾಲದ ಕಂತು ಎಲ್ಲದರ ಲೆಕ್ಕ ನಮ್ಮ ಸಂಘದ ಪುಸ್ತಕದಲ್ಲಿ ಇರುತ್ತದೆ. ಗಿಡ ಏರಿದವನ ಸೊಂಟದಲ್ಲಿ ಏನಿದೆ ಎಂಬ ಲೆಕ್ಕ ಮಾತ್ರ ಎಲ್ಲೂ ಇಲ್ಲ.

"ಸಿಸ್ಟರ್, ನಮ್ಮ ಮಾವನವರು ಹುಟ್ಟಾ ಗಿಡ ಏರ್ಯಾರ, ಒಂದ್ ದಿನಾನೂ ಹಗ್ಗ ಕಟ್ಟಿಲ್ಲ" ಎಂದು ಹೇಳುವವರು ಇದ್ದಾರೆ. ಆ ಹಿರಿಯರ ಕಾಲ್ಚಳಕದ ಬಗ್ಗೆ ನಮಗೆ ಗೌರವವಿದೆ. ಆದರೆ 20 ಅಡಿ ಎತ್ತರದಿಂದ ಕಾಲು ಜಾರಿದವರು ಸುಮಾರು ಒಂದೇ ಸೆಕೆಂಡಿನಲ್ಲಿ ನೆಲ ಮುಟ್ಟುತ್ತಾರೆ. ಆಗ ಅವರ ವೇಗ ಗಂಟೆಗೆ ಹತ್ತಿರಹತ್ತಿರ 40 ಕಿಲೋಮೀಟರ್. ಅಷ್ಟರಲ್ಲಿ ಯಾವ ಅನುಭವವೂ ಟೊಂಗೆ ಹಿಡಿದುಕೊಳ್ಳಲು ಪುರಸೊತ್ತು ಕೊಡುವುದಿಲ್ಲ. ಬೆನ್ನುಹುರಿಗೆ ಪೆಟ್ಟಾಗಿ ಕಾಲಿನ ಶಕ್ತಿ ಹೋದರೆ ಆ ಮನೆಯಲ್ಲಿ ದುಡಿಯುವ ಕೈ ಒಂದಲ್ಲ, ಎರಡು ಕಡಿಮೆಯಾಗುತ್ತವೆ. ಮಲಗಿದವರನ್ನು ನೋಡಿಕೊಳ್ಳುವವಳು ಮನೆಯ ಹೆಣ್ಣುಮಗಳೇ ಅಲ್ಲವೇ?

ನಮ್ಮ ಊರಲ್ಲಿ ಹಗ್ಗ ಕಟ್ಟುವವರೇ ಇಲ್ಲವೆಂದಲ್ಲ. ಕೆಲವರು ದನ ಕಟ್ಟುವ ಹಗ್ಗವನ್ನೇ ಸೊಂಟಕ್ಕೆ ಸುತ್ತಿ, ಇನ್ನೊಂದು ತುದಿ ಟೊಂಗೆಗೆ ಬಿಗಿಯುತ್ತಾರೆ. ಇದರಲ್ಲಿ ಮೂರು ತೊಂದರೆ ಇವೆ. ಸೊಂಟಕ್ಕೆ ಮಾತ್ರ ಕಟ್ಟಿದ ಹಗ್ಗ ಬಿದ್ದಾಗ ಹೊಟ್ಟೆ, ಪಕ್ಕೆಲುಬು, ಬೆನ್ನಿನ ಮೇಲೆ ಒಮ್ಮೆಲೇ ಜಗ್ಗುತ್ತದೆ. ಗಂಟು ಜಾರುವ ಸರಗುಣಿಕೆಯಾಗಿದ್ದರಂತೂ ಬಿಗಿಯುತ್ತಲೇ ಹೋಗುತ್ತದೆ. ಎರಡನೆಯದು, ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುವ ಹಳದಿ, ನೀಲಿ ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಸೊರಗುತ್ತದೆ. ನಮ್ಮ ಬೀದರಿನ ಬಿಸಿಲು ಗೊತ್ತೇ ಇದೆ. ಮೇಲೆ ಹೊಳಪಿದ್ದರೂ ಒಳಗೆ ಎಳೆಗಳು ಪುಡಿಯಾಗಿರುತ್ತವೆ. ಮೂರನೆಯದೇ ದೊಡ್ಡದು: ಹಗ್ಗ ಸಡಿಲವಾಗಿ ಜೋಲುತ್ತಿರುತ್ತದೆ. ಆರು ಅಡಿ ಸಡಿಲವಿದ್ದರೆ ಆರು ಅಡಿ ಬಿದ್ದ ಮೇಲೆಯೇ ಅದು ತಡೆಯುವುದು.

ಹಗ್ಗದ ಮೇಲೆ ಗಿಡ ಏರುವುದನ್ನೇ ವೃತ್ತಿ ಮಾಡಿಕೊಂಡವರು ಬೇರೆ ದೇಶಗಳಲ್ಲಿ ಇದ್ದಾರೆ, ನಮ್ಮ ದೊಡ್ಡ ಊರುಗಳಲ್ಲೂ ಇದ್ದಾರೆ. ಅವರ ವಿದ್ಯೆ ನಿಂತಿರುವುದು ಈ ಮೂರನೆಯ ಮಾತಿನ ಮೇಲೆ. ಮೊದಲು ನೆಲದಲ್ಲೇ ನಿಂತು, ಸಣ್ಣ ಚೀಲದ ತೂಕ ಕಟ್ಟಿದ ತೆಳು ದಾರವನ್ನು ಮೇಲಿನ ಗಟ್ಟಿ ಕವಲಿನ ಮೇಲೆ ಎಸೆಯುತ್ತಾರೆ. ಆ ದಾರದಿಂದ ಮುಖ್ಯ ಹಗ್ಗವನ್ನು ಎಳೆದುಕೊಳ್ಳುತ್ತಾರೆ. ಹಗ್ಗದ ಒಂದು ತುದಿ ಮೈಗೆ ಹಾಕಿದ ಪಟ್ಟಿಗೆ ಸೇರುತ್ತದೆ. ಕವಲು ದಾಟಿ ಇಳಿದ ಇನ್ನೊಂದು ಎಳೆಯ ಮೇಲೆ ಒಂದು ತೆಳು ಹಗ್ಗದ ಕುಣಿಕೆಯನ್ನು ಸುತ್ತುಸುತ್ತಾಗಿ ಹಾಕಿ, ಅದನ್ನೂ ಪಟ್ಟಿಗೆ ಸೇರಿಸುತ್ತಾರೆ. ಕೈಯಿಂದ ಸರಿಸಿದರೆ ಈ ಗಂಟು ಸರಿಯುತ್ತದೆ, ಭಾರ ಬಿದ್ದ ಕೂಡಲೇ ಕಚ್ಚಿ ಹಿಡಿಯುತ್ತದೆ. ಇದಕ್ಕೆ ಪ್ರೂಸಿಕ್ ಗಂಟು ಎನ್ನುತ್ತಾರೆ. 1931ರಲ್ಲಿ ಇದನ್ನು ತಿಳಿಯಪಡಿಸಿದ ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್ ಅವರ ಹೆಸರು ಅದಕ್ಕೆ ಬಂದಿದೆ. ಏರಿದಷ್ಟೂ ಗಂಟನ್ನು ಸರಿಸುತ್ತಾ ಹೋಗುವುದರಿಂದ ಹಗ್ಗ ಯಾವಾಗಲೂ ತಲೆಯ ಮೇಲಿನಿಂದ ಬಿಗಿಯಾಗಿಯೇ ಇರುತ್ತದೆ. ಕಾಲು ಜಾರಿದರೆ ಅವರು ಬೀಳುವುದಿಲ್ಲ, ಇದ್ದಲ್ಲೇ ಜೋತಾಡುತ್ತಾರೆ. ಇಷ್ಟು ತಿಳಿದರೆ ಉಳಿದದ್ದೆಲ್ಲ ತಿಳಿಯುತ್ತದೆ.

ಇದಲ್ಲದೆ ಗಿಡದ ಬೊಡ್ಡೆಗೆ ಸುತ್ತಿಕೊಳ್ಳುವ ಒಂದು ಗಿಡ್ಡ ಹಗ್ಗವೂ ಇರಬೇಕು. ಮುಖ್ಯ ಹಗ್ಗವನ್ನು ಬೇರೆ ಕವಲಿಗೆ ಬದಲಿಸುವಾಗ ಈ ಗಿಡ್ಡ ಹಗ್ಗ ಹಿಡಿದಿರುತ್ತದೆ. ಕೊಡಲಿ, ಕುಡಗೋಲು ಬೀಸುವಾಗ ಎರಡೂ ಕಟ್ಟಿರಬೇಕು. ಕಾರಣ ಸರಳ: ತಪ್ಪಿದ ಏಟು ಹಗ್ಗಕ್ಕೇ ಬಿದ್ದು ಅದು ಕತ್ತರಿಸಿ ಹೋದರೂ ಇನ್ನೊಂದು ಉಳಿದಿರುತ್ತದೆ. ಹಗ್ಗ ಹಾಕುವ ಕವಲು ಹಸಿಯಾಗಿರಬೇಕು, ಬೊಡ್ಡೆಗೆ ಹತ್ತಿರವಿರಬೇಕು, ತೊಡೆಯಷ್ಟು ದಪ್ಪವಿದ್ದರೆ ಒಳ್ಳೆಯದು. ಹುಣಚಿ ಗಟ್ಟಿ ಜಾತಿಯ ಗಿಡ, ಆದರೂ ಹಳೆಯ ಗಿಡದಲ್ಲಿ ಒಣಗಿದ ಟೊಂಗೆಗಳು ಎಲೆಯೊಳಗೆ ಮರೆಯಾಗಿರುತ್ತವೆ. ನೇರಳೆಯ ಟೊಂಗೆ ನಂಬಬಾರದು. ನುಗ್ಗೆ ಗಿಡ ಏರಲೇಬಾರದು, ಅದಕ್ಕೆ ನೆಲದಿಂದ ಗಳವೇ ಸಾಕು. ಹೆಜ್ಜೇನಿನ ಹುಟ್ಟಿ ಇದ್ದರೆ ಆ ದಿನ ಆ ಗಿಡ ಬಿಡಿ.

ಸಾಮಾನು ಕೊಳ್ಳುವಾಗ

ಮೈಗೆ ಹಾಕುವ ಪಟ್ಟಿಗೆ ಅಂಗಡಿಯವರು "ಸೇಫ್ಟಿ ಬೆಲ್ಟ್" ಎಂದು ಹೇಳಿ ಸೊಂಟದ ಬೆಲ್ಟನ್ನೇ ಕೊಡಬಹುದು. ನೀವು "ಫುಲ್ ಬಾಡಿ ಹಾರ್ನೆಸ್" ಎಂದು ಕೇಳಿ. ಅದು ಎರಡು ತೊಡೆ, ಸೊಂಟ, ಎದೆ, ಭುಜ ಎಲ್ಲವನ್ನೂ ಹಿಡಿಯುತ್ತದೆ, ಭಾರ ಹಂಚಿಹೋಗುತ್ತದೆ. ಇದಕ್ಕೆ ಭಾರತೀಯ ಮಾನಕ ಐಎಸ್ 3521, ತಲೆಯ ಹೆಲ್ಮೆಟ್ಟಿಗೆ ಐಎಸ್ 2925. ಐಎಸ್‌ಐ ಗುರುತು ನೋಡಿ ತೆಗೆದುಕೊಳ್ಳಿ. ಕಟ್ಟಡ ಕೆಲಸದ ಪಟ್ಟಿಗಳಲ್ಲಿ ಕೊಂಡಿ ಬೆನ್ನ ಹಿಂದೆ ಮಾತ್ರ ಇರುವುದುಂಟು. ಗಿಡದ ಕೆಲಸಕ್ಕೆ ಎದೆಯ ಮುಂದೆ ಮತ್ತು ಸೊಂಟದ ಎರಡೂ ಬದಿಗೆ ಬಳೆಗಳಿರುವುದು ಬೇಕು. ಹಗ್ಗ ನೈಲಾನ್ ಅಥವಾ ಪಾಲಿಯೆಸ್ಟರಿನದು, ಒಳಗೆ ತಿರುಳು, ಮೇಲೆ ಹೆಣೆದ ಹೊದಿಕೆ ಇರುವಂಥದು, 11ರಿಂದ 13 ಮಿಲಿಮೀಟರ್ ದಪ್ಪ. ಗಂಟು ಹಾಕುವ ಕುಣಿಕೆಯ ಹಗ್ಗ ಇದಕ್ಕಿಂತ ತೆಳುವಾಗಿರಬೇಕು, ಇಲ್ಲದಿದ್ದರೆ ಕಚ್ಚುವುದಿಲ್ಲ. ಕೊಂಡಿಗಳು ತಾನಾಗಿ ಬೀಗ ಬೀಳುವಂಥವು ಇರಲಿ.

ಒಂದು ಮನೆಗೆ ಇದೆಲ್ಲ ಭಾರವೆನಿಸಬಹುದು. ಆದರೆ ಸಂಘವೊಂದು ಉಳಿತಾಯದಿಂದ ಒಂದು ಜೊತೆ ಕೊಂಡು, ಸುಗ್ಗಿಯಲ್ಲಿ ದಿನ ಬಾಡಿಗೆಗೆ ಕೊಡಬಹುದು ಎಂಬುದು ನಮ್ಮ ಅಭಿಪ್ರಾಯ. ಹೊಲಿಗೆ ಯಂತ್ರಕ್ಕೆ, ಹಿಟ್ಟಿನ ಗಿರಣಿಗೆ ಸಾಲ ಕೊಡುವ ನಾವು ಇದಕ್ಕೆ ಯಾಕೆ ಹಿಂದೆ ನೋಡಬೇಕು? ಹುಣಚಿ ಗಿಡಗಳನ್ನು ಹರಾಜಿನಲ್ಲಿ ಹಿಡಿಯುವ ಸಂಘಗಳಂತೂ ಕೂಲಿ ಕೊಟ್ಟು ಏರಿಸುವವರು ತಾವೇ ಎಂಬುದನ್ನು ಮರೆಯಬಾರದು. ಸಾಮಾನು ತಂದ ಕೂಡಲೇ 30 ಅಡಿ ಏರಬೇಡಿ. ಬಲ್ಲವರಿಂದ ಕಲಿತು, ನೆಲದಿಂದ ಮೂರು ಅಡಿ ಎತ್ತರದಲ್ಲಿ ಜೋತು ನೋಡಿ, ಗಂಟು ಹಿಡಿಯುತ್ತದೆಯೇ ಎಂದು ಖಾತ್ರಿ ಮಾಡಿಕೊಂಡು ಮುಂದುವರಿಯಬೇಕು.

ಬಂಟ್ವಾಳ ತಾಲ್ಲೂಕಿನ ಸಜೀಪಮೂಡದ ಗಣಪತಿ ಭಟ್ಟರು ಮಾಡಿದ ಅಡಿಕೆ ಮರ ಏರುವ ಸ್ಕೂಟರ್ 2019ರಲ್ಲಿ ಸುದ್ದಿಯಾಗಿತ್ತು. "ಅದನ್ನೇ ತರಿಸೋಣೇನ್ರಿ?" ಎಂದು ಕೇಳಬಹುದು. ಅದು ಕವಲಿಲ್ಲದ ನೆಟ್ಟನೆಯ ಮರಕ್ಕೆ. ನಮ್ಮ ಹುಣಚಿ, ಬೇವಿಗೆ ಹಗ್ಗವೇ ಗತಿ.

ಹಗ್ಗವನ್ನು ನೋಡಿಕೊಳ್ಳುವ ಕೆಲಸ ಹೆಣ್ಣುಮಕ್ಕಳ ಕೈಗೇ ಬರಲಿ ಎಂದು ನಾವು ಬಯಸುತ್ತೇವೆ. ಜೋಳ ಹಸನು ಮಾಡುವ ಕೈ ಇದು, ಇದಕ್ಕೆ ಹರಳು ತಪ್ಪುವುದಿಲ್ಲ. ಪ್ರತಿ ಸಲ ಏರುವ ಮುಂಚೆ ಇಡೀ ಹಗ್ಗವನ್ನು ಬೆರಳ ನಡುವೆ ಮೆಲ್ಲಗೆ ಎಳೆಯಿರಿ. ಎಲ್ಲಾದರೂ ತೆಳುವಾಗಿದೆಯೇ, ಉಬ್ಬಿದೆಯೇ, ಗಟ್ಟಿಯಾಗಿದೆಯೇ, ಉಜ್ಜಿ ಕರಗಿದಂತೆ ಮಿಂಚುತ್ತಿದೆಯೇ, ಒಳಗಿನ ತಿರುಳು ಕಾಣುತ್ತಿದೆಯೇ? ಪಟ್ಟಿಯ ಹೊಲಿಗೆ ಬಿಟ್ಟಿದೆಯೇ? ಒಂದು ಕಂಡರೂ ಅದನ್ನು ಬದಿಗಿಡಿ. ಭಾರೀ ಜಗ್ಗನ್ನು ಒಮ್ಮೆ ತಡೆದ ಹಗ್ಗವನ್ನೂ ಮತ್ತೆ ಬಳಸಬಾರದು. ಕೆಟ್ಟ ಹಗ್ಗವನ್ನು ಗಿಡ್ಡ ಗಿಡ್ಡ ತುಂಡು ಮಾಡಿ, ಇಲ್ಲವಾದರೆ ನಾಳೆ ಯಾರಾದರೂ "ಚಲೋ ಐತಲ್ಲ" ಎಂದು ಅದನ್ನೇ ಕಟ್ಟಿಕೊಂಡು ಏರುತ್ತಾರೆ. ಮಣ್ಣಾದರೆ ಬರೀ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಬ್ಯಾಟರಿ, ಗೊಬ್ಬರ, ಕೀಟನಾಶಕದ ಡಬ್ಬಿ ಇರುವ ಕೋಣೆಯಲ್ಲಿ ಇಡಬೇಡಿ. ಬ್ಯಾಟರಿಯ ಆಮ್ಲ ಹಗ್ಗವನ್ನು ಕಣ್ಣಿಗೆ ಕಾಣದಂತೆ ತಿನ್ನುತ್ತದೆ.

ಕೆಳಗೆ ನಿಂತವರ ಪಾಡು

ಏರಿದವರ ವಿಷಯ ಎಷ್ಟು ಹೇಳಿದರೂ ಕೆಳಗಿರುವ ನಮ್ಮ ತಲೆಗಳ ವಿಷಯ ಉಳಿದೇ ಹೋಗುತ್ತದೆ. ಮೇಲೆ ಬಡಿಯುತ್ತಿರುವಾಗಲೇ ಕೆಳಗೆ ಬಗ್ಗಿ ಆರಿಸುವುದು ನಮ್ಮ ರೂಢಿ, ಬೇಗ ಮುಗಿಯಲೆಂದು. ಬೀಳುವುದು ಹುಣಚಿಕಾಯಿ ಮಾತ್ರವಲ್ಲ. ಒಣ ಟೊಂಗೆ, ಗಳ, ಕೈತಪ್ಪಿದ ಕುಡಗೋಲು. ಬಡಿಯುವುದು ನಿಲ್ಲಲಿ, ಮೇಲಿನವರು "ಬರ್ರಿ" ಎಂದು ಕೂಗಲಿ, ಆಮೇಲೆ ಗಿಡದ ಕೆಳಗೆ ಹೋಗಿ. ಮಕ್ಕಳನ್ನು ಗಿಡದ ನೆರಳಿನಲ್ಲಿ ಮಲಗಿಸಬೇಡಿ, ಬೇರೆ ನೆರಳು ನೋಡಿ. ಕುಡಿದವರನ್ನು ಏರಿಸಲೇಬೇಡಿ; ಹಗ್ಗ ಎಷ್ಟೇ ಚಲೋ ಇದ್ದರೂ ಗಂಟು ಹಾಕುವುದು ಅವರ ಕೈಯೇ.

ಗಿಡದ ಹತ್ತಿರ ಕರೆಂಟಿನ ತಂತಿ ಹಾದಿದ್ದರೆ ಕೆಲಸ ಶುರುವೇ ಮಾಡಬೇಡಿ. ಹಸಿ ಟೊಂಗೆಯಲ್ಲೂ ಹಸಿ ಗಳದಲ್ಲೂ ಕರೆಂಟು ಹರಿಯುತ್ತದೆ. ಜೆಸ್ಕಾಂಗೆ ತಿಳಿಸಿ, 1912ಕ್ಕೆ ಫೋನ್ ಮಾಡಿ, ಲೈನ್ ಬಂದ್ ಆಗಿದೆ ಎಂದು ಲೈನ್‌ಮನ್ ಬಾಯಿಂದಲೇ ಕೇಳಿದ ಮೇಲೆ ಏರಿಸಿ.

ಒಬ್ಬರೇ ಗಿಡ ಏರುವುದು ಬೇಡ. ಹಗ್ಗದಲ್ಲಿ ಎಚ್ಚರತಪ್ಪಿ ಜೋತಾಡುತ್ತಿರುವವರನ್ನು ಕೆಲವೇ ನಿಮಿಷಗಳಲ್ಲಿ ಇಳಿಸಬೇಕು. ಹಾಗೇ ಜೋತುಬಿದ್ದರೆ ರಕ್ತವೆಲ್ಲ ಕಾಲಿಗಿಳಿದು ಜೀವಕ್ಕೇ ಅಪಾಯ. ಆದ್ದರಿಂದ ಇಳಿಸುವುದು ಗೊತ್ತಿರುವ ಇನ್ನೊಬ್ಬರು ಕೆಳಗೆ ಇರಲೇಬೇಕು. ನೆಲಕ್ಕೆ ಬಿದ್ದವರನ್ನು ಕೈಕಾಲು ಹಿಡಿದು ಎತ್ತಬೇಡಿ, ಕೂಡಿಸಬೇಡಿ, ನೀರು ಕುಡಿಸಬೇಡಿ. ಕುತ್ತಿಗೆ ಅಲುಗದಂತೆ ಎರಡೂ ಬದಿಗೆ ಹಿಡಿದು, 108ಕ್ಕೆ ಫೋನ್ ಮಾಡಿ. ಆಟೋದಲ್ಲಿ ಮುದುರಿಸಿ ಕರೆದೊಯ್ಯುವಾಗಲೇ ಅರ್ಧ ಮುರಿದ ಬೆನ್ನು ಪೂರ್ತಿ ಮುರಿಯಬಹುದು.

ವಿಮೆಯ ಮಾತು. ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ತೆಂಗಿನ ಮರ ಏರುವವರಿಗಾಗಿ ಇರುವುದು. ನಮ್ಮ ಕಡೆಯವರಿಗೆ ಒದಗುವುದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ. 2015ರಲ್ಲಿ ಶುರುವಾದಾಗ ವರ್ಷಕ್ಕೆ 12 ರೂಪಾಯಿ ಇತ್ತು, 2022ರ ಜೂನ್‌ನಿಂದ 20 ರೂಪಾಯಿ. 18ರಿಂದ 70 ವರ್ಷದವರು ಸೇರಬಹುದು. ಅಪಘಾತದಲ್ಲಿ ಸತ್ತರೆ ಅಥವಾ ಎರಡೂ ಕಾಲು, ಎರಡೂ ಕೈ ಶಾಶ್ವತವಾಗಿ ಹೋದರೆ 2 ಲಕ್ಷ, ಒಂದು ಹೋದರೆ 1 ಲಕ್ಷ. ಮೂಳೆ ಮುರಿದ ಆಸ್ಪತ್ರೆ ಖರ್ಚಿಗೆ ಇದರಲ್ಲಿ ಹಣವಿಲ್ಲ. ಅದಕ್ಕೆ ಬಿಪಿಎಲ್ ಕುಟುಂಬಗಳು ಆಯುಷ್ಮಾನ್ ಕಾರ್ಡ್ ಮಾಡಿಸಿಟ್ಟುಕೊಳ್ಳಬೇಕು. ಗಿಡದಿಂದ ಬಿದ್ದ ಪ್ರಕರಣದಲ್ಲಿ ಆಸ್ಪತ್ರೆಯ ದಾಖಲೆ ಬಹಳ ಮುಖ್ಯ. ಬಿದ್ದ ದಿನವೇ ಆಸ್ಪತ್ರೆಗೆ ತೋರಿಸಿ, ಚೀಟಿಯಲ್ಲಿ "ಗಿಡದಿಂದ ಬಿದ್ದದ್ದು" ಎಂದು ಬರೆಸಿಕೊಳ್ಳಿ. ನಾಟಿ ವೈದ್ಯರ ಹತ್ತಿರ ಎಂಟು ದಿನ ಕಳೆದು ಹೋದರೆ ಈ ಕಾಗದ ಸಿಗುವುದಿಲ್ಲ. 30 ದಿನದೊಳಗೆ ಬ್ಯಾಂಕಿಗೆ ಅರ್ಜಿ ಕೊಡಿ.

ವಿಮೆಯ ವರ್ಷ ಜೂನ್ 1ರಿಂದ ಮೇ 31ರವರೆಗೆ. ಮೇ ತಿಂಗಳಲ್ಲಿ ಖಾತೆಯಲ್ಲಿ 20 ರೂಪಾಯಿ ಇಲ್ಲದಿದ್ದರೆ ವಿಮೆ ನಿಂತುಹೋಗುತ್ತದೆ. ಮುಂದಿನ ವಾರದ ಸಭೆಗೆ ಬರುವಾಗ ನಿಮ್ಮದೂ ನಿಮ್ಮ ಮನೆಯವರದೂ ಪಾಸ್‌ಬುಕ್ ತನ್ನಿ, ಆ 20 ರೂಪಾಯಿ ಕಡಿತವಾಗಿದೆಯೇ ಎಂದು ಎಲ್ಲರೂ ಕೂಡಿ ನೋಡೋಣ.