ತಂಗಡಗಿ: ಸೇತುವೆಗಿಂತ ಮೊದಲಿನ ದಾರಿ

ಮುದ್ದೇಬಿಹಾಳದಿಂದ ಹುನಗುಂದಕ್ಕೆ ಹೊರಟ ಬಸ್ಸು ತಂಗಡಗಿಯ ಬಳಿ ಸೇತುವೆ ಏರಿ, ಕೆಲವೇ ನಿಮಿಷಗಳಲ್ಲಿ ಕೃಷ್ಣೆಯನ್ನು ದಾಟಿಬಿಡುತ್ತದೆ. ಕಿಟಕಿಯ ಪಕ್ಕ ಕುಳಿತವರು ನೀರನ್ನೊಮ್ಮೆ ನೋಡಿ ಕೈಮುಗಿದರೆ ಅಲ್ಲಿಗೆ ಮುಗಿಯಿತು. ಆದರೆ ಈ ಹೊಳೆಯನ್ನು ಎಲ್ಲಿ ದಾಟುವುದು, ಹೇಗೆ ದಾಟುವುದು ಎಂಬ ಪ್ರಶ್ನೆಯೇ ಹಿಂದೊಮ್ಮೆ ಒಂದು ಸಾಮ್ರಾಜ್ಯದ ಹಣೆಬರಹವನ್ನು ಬರೆಯಿತು.

ಮಹಾಬಳೇಶ್ವರದಲ್ಲಿ ಹುಟ್ಟುವ ಕೃಷ್ಣೆಗೆ ಸಹ್ಯಾದ್ರಿಯ ಮಳೆಯೇ ಮೂಲ. ಮಳೆಗಾಲದಲ್ಲಿ ಹೊಳೆ ತುಂಬಿದರೆ ಹರಿಗೋಲೇ ಗತಿ; ಅದೂ ಪ್ರವಾಹ ಇಳಿದ ಮೇಲೆ. ಬಿದಿರು ಹೆಣೆದು ತೊಗಲು ಹೊದಿಸಿದ ಈ ದುಂಡು ದೋಣಿಗಳಲ್ಲಿ ಜನರಷ್ಟೇ ಅಲ್ಲ, ದನ, ಕುದುರೆಗಳೂ ದಾಟುತ್ತಿದ್ದವು. ಚಳಿಗಾಲದ ಹೊತ್ತಿಗೆ ನೀರು ಇಳಿದಾಗ ಮಾತ್ರ ಕಾಲ್ನಡಿಗೆಯಲ್ಲಿ ದಾಟಬಹುದಾದ ಹಾಯ್ಗಡಗಳು ತೆರೆದುಕೊಳ್ಳುತ್ತಿದ್ದವು. ಸೈನ್ಯಗಳು ಕಾಯುತ್ತಿದ್ದುದು ಇದನ್ನೇ.

1564ರ ಡಿಸೆಂಬರ್‌ನಲ್ಲಿ ವಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರಗಳ ಸುಲ್ತಾನರು ತಾಳಿಕೋಟೆಯಲ್ಲಿ ಕೂಡಿ ದಕ್ಷಿಣಕ್ಕೆ ಹೊರಟರು. ಅಷ್ಟರಲ್ಲಿ ಅಳಿಯ ರಾಮರಾಯನ ಕಡೆಯವರು ತೆಂಕಣ ದಂಡೆಯ ಹಾಯ್ಗಡಗಳನ್ನೆಲ್ಲ ಹಿಡಿದು, ಮಣ್ಣಿನ ಒಡ್ಡು ಹಾಕಿ ಕುಳಿತಿದ್ದರು. ಅವನ ತಮ್ಮಂದಿರಾದ ತಿರುಮಲ, ವೆಂಕಟಾದ್ರಿಯರೂ ಅಲ್ಲಿದ್ದರು. ಮುಂದಿನದನ್ನು ಫೆರಿಶ್ತಾ ತನ್ನ ಇತಿಹಾಸದಲ್ಲಿ ಹೇಳಿದ್ದಾನೆ. ಸುಲ್ತಾನರು ಬೇರೊಂದು ಹಾಯ್ಗಡ ಹುಡುಕುವವರಂತೆ ನದಿಯ ದಂಡೆಗುಂಟ ಸಾಗಿದರು. ವಿಜಯನಗರದ ಪಡೆಯೂ ಕಾವಲಿನ ಜಾಗ ಬಿಟ್ಟು ಆಚೆ ದಂಡೆಯಲ್ಲಿ ಅವರಿಗೆ ಸರಿಯಾಗಿ ನಡೆಯಿತು. ಮೂರು ದಿನ ಹೀಗೆ ನಡೆಸಿ, ಸುಲ್ತಾನರ ಸೈನ್ಯ ರಾತ್ರೋರಾತ್ರಿ ಹಿಂದಕ್ಕೆ ತಿರುಗಿ ಮೊದಲಿನ ಹಾಯ್ಗಡಕ್ಕೇ ಬಂದು ಎದುರಾಳಿಗಳಿಲ್ಲದ ಹೊಳೆಯನ್ನು ದಾಟಿತು. 1565ರ ಜನವರಿ 23ರಂದು ನಡೆದ ಕದನದಲ್ಲಿ ರಾಮರಾಯ ಸೆರೆಸಿಕ್ಕು ತಲೆ ಕಳೆದುಕೊಂಡ, ರಾಜಧಾನಿ ಹಾಳಾಯಿತು. ತೋಪು, ಆನೆ, ಕುದುರೆಗಳ ಲೆಕ್ಕವನ್ನು ಇತಿಹಾಸಕಾರರು ಬಹಳ ಹಾಕಿದ್ದಾರೆ. ಆ ಒಂದು ರಾತ್ರಿಯ ಲೆಕ್ಕ ಅದಕ್ಕಿಂತ ದೊಡ್ಡದು.

ಆ ಹಾಯ್ಗಡ ಯಾವುದು? ರಾಬರ್ಟ್ ಸಿವೆಲ್ 1900ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಇಂಗಳಗಿಯ ಕಡೆಗೆ ಬೆರಳು ತೋರಿಸಿದರು. ಕನ್ನಡಿಗರ ನೆನಪು ಮಾತ್ರ ಕದನಕ್ಕೆ 'ರಕ್ಕಸತಂಗಡಿ' ಎಂಬ ಹೆಸರನ್ನು ಉಳಿಸಿಕೊಂಡಿದೆ. ರಕ್ಕಸಗಿ ಹುನಗುಂದ ತಾಲ್ಲೂಕಿನ ಊರು, ತಂಗಡಗಿ ಮುದ್ದೇಬಿಹಾಳದ್ದು, ನಡುವೆ ಕೃಷ್ಣೆ. ಹೊಳೆಯ ಎರಡು ದಂಡೆಗಳ ಊರುಗಳನ್ನು ಕೂಡಿಸಿಟ್ಟ ಈ ಹೆಸರು, ಸುಲ್ತಾನರು ಬೀಡುಬಿಟ್ಟಿದ್ದ ತಾಳಿಕೋಟೆಯ ಹೆಸರಿಗಿಂತ ನಿಜಕ್ಕೆ ಹತ್ತಿರ ಎನ್ನಬೇಕು.

ದಾಟದೆ ಉಳಿದವರ ಕಥೆಯೂ ಈ ದಂಡೆಗೆ ಇದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಕ್ರಾಂತಿಯ ನಂತರ ಬಸವಣ್ಣನವರು ಪತ್ನಿ ನೀಲಮ್ಮನನ್ನು ಕರೆತರಲು ಹಡಪದ ಅಪ್ಪಣ್ಣನನ್ನು ಕಳಿಸಿದರೆಂದೂ, ಅವರಿಬ್ಬರೂ ತಂಗಡಗಿಗೆ ಬಂದಾಗ ಬಸವಣ್ಣನವರು ಕೂಡಲಸಂಗಮದಲ್ಲಿ ಐಕ್ಯರಾದ ಸುದ್ದಿ ತಿಳಿಯಿತೆಂದೂ ಶರಣ ಪರಂಪರೆ ಹೇಳುತ್ತದೆ. ಅಲ್ಲಿರುವ ಸಂಗಮ ಇಲ್ಲಿಲ್ಲವೇ ಎಂದು ನೀಲಮ್ಮ ಇಲ್ಲಿಯೇ ನಿಂತಳು, ಇಲ್ಲಿಯೇ ಐಕ್ಯಳಾದಳು.

ಕಲ್ಲಿನ ಸೇತುವೆ ಕಟ್ಟುವುದು ನಮ್ಮವರಿಗೆ ಬಾರದ ವಿದ್ಯೆಯೇನಲ್ಲ. ಹಂಪಿಯ ಬಳಿ ತುಂಗಭದ್ರೆಯಲ್ಲಿ ವಿಜಯನಗರ ಕಾಲದ ಸೇತುವೆಯ ಕಂಬಗಳು ಇಂದಿಗೂ ಸಾಲಾಗಿ ನಿಂತಿವೆ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಶ್ರೀರಂಗಪಟ್ಟಣದ ಕಾವೇರಿಗೆ ಕಟ್ಟಿದ ಸೇತುವೆಯೂ ಕಲ್ಲುಕಂಬದ್ದೇ. ಆದರೆ ಇಂಥ ಸೇತುವೆಗೆ ತಳದಲ್ಲಿ ಗಟ್ಟಿ ಬಂಡೆ ಬೇಕು. ಮೇಲೆ ಹಾಸುವ ಕಲ್ಲಿನ ಉದ್ದಕ್ಕಿಂತ ಕಂಬಗಳ ಅಂತರ ಹೆಚ್ಚಬಾರದು. ಅಗಲವಾದ ಹೊಳೆಗೆ ಅಷ್ಟೊಂದು ಕಂಬ ನಿಲ್ಲಿಸಿದರೆ ಪ್ರವಾಹಕ್ಕೆ ಅವೇ ಅಡ್ಡಗೋಡೆ. ಮೇಲಾಗಿ ಕೃಷ್ಣೆ ಗಡಿಯ ಹೊಳೆ. ಕೃಷ್ಣಾ-ತುಂಗಭದ್ರೆಗಳ ನಡುವಿನ ದೋಆಬಿಗಾಗಿ ತಲೆಮಾರುಗಟ್ಟಲೆ ಕಾದಾಡಿದ ಅರಸರಲ್ಲಿ ಯಾರು ತಾನೆ ಎದುರಾಳಿಗೆ ರಾಜಮಾರ್ಗ ಕಟ್ಟಿಕೊಟ್ಟಾರು?

ಕಾಂಕ್ರೀಟಿನ ಸೇತುವೆಗೆ ಈ ಅಡಚಣೆಗಳಿಲ್ಲ. ಇತ್ತ 1982ರಲ್ಲಿ ಪೂರ್ಣಗೊಂಡ ನಾರಾಯಣಪುರದ ಬಸವಸಾಗರ ಅಣೆಕಟ್ಟಿನ ಹಿನ್ನೀರು ತಂಗಡಗಿಯ ಹೊಳೆಯನ್ನೂ ತುಂಬಿ ನಿಲ್ಲಿಸಿತು. ಜನವರಿ ತಿಂಗಳಲ್ಲಿ ಹೊಳೆಗಿಳಿದು, ಸೈನ್ಯ ದಾಟುವಷ್ಟು ತಳ ಇಲ್ಲಿ ಸಿಗುತ್ತಿತ್ತೇ ಎಂದು ನಡೆದು ನೋಡುವ ದಾರಿ ಈಗ ನೀರಿನಡಿಯಲ್ಲಿದೆ.